ಸ್ಟ್ರಿಪ್ಪಿನೊಳಗೆ ನೀಲಿ ನೀರು: ವೆರ್ಣಾದ ಪ್ಯಾಕಿಂಗ್ ಹಾಲ್‌ನಿಂದ ನನ್ನ ಅನುಭವ

ಗೋವಾದ ವಾಸ್ಕೊದಿಂದ ಬೆಳಗ್ಗೆ ಹೊರಡುವ ನಮ್ಮ ಕಂಪನಿ ಬಸ್ಸಿನಲ್ಲಿ ಅರ್ಧಕ್ಕರ್ಧ ಕನ್ನಡದವರೇ. ಹಾವೇರಿ, ಗದಗ, ಬಾಗಲಕೋಟೆ, ಬೈಲಹೊಂಗಲ. ಜುವಾರಿನಗರದಲ್ಲಿ ಇನ್ನಷ್ಟು ಮಂದಿ ಹತ್ತುತ್ತಾರೆ. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್ ತಲುಪುವಷ್ಟರಲ್ಲಿ ಊರಿನ ಮಳೆ, ಮೆಣಸಿನಕಾಯಿ ರೇಟು, ಹುಬ್ಬಳ್ಳಿ ರೈಲಿನ ಟಿಕೆಟ್ಟು ಎಲ್ಲಾ ಮುಗಿದಿರುತ್ತೆ. ನಾನು ಔಷಧ ತಯಾರಿಸುವವನಲ್ಲ. ತಯಾರಾದ ಮಾತ್ರೆಯನ್ನು ಸ್ಟ್ರಿಪ್ಪಿಗೆ ತುಂಬಿಸಿ, ಕಾರ್ಟನ್ನಿಗೆ ಹಾಕಿ, ಹೊರಗೆ ಕಳಿಸುವ ಲೈನ್ ನೋಡಿಕೊಳ್ಳುವವನು. ಹೆಲ್ಪರ್ ಆಗಿ ಸೇರಿದವನು, ಈಗ ಸೂಪರ್‌ವೈಸರ್.

ಸೇರಿದ ಹೊಸದರಲ್ಲಿ ನನಗೆ ಪ್ಯಾಕಿಂಗ್ ಅಂದರೆ ಬರೀ ಸುತ್ತುವ ಕೆಲಸ. ಆ ಅಭಿಪ್ರಾಯ ಬದಲಾದದ್ದು ಒಂದು ಬೋಗುಣಿ ನೀಲಿ ನೀರಿನಿಂದ.

ಲೀಕ್ ಟೆಸ್ಟ್ ಅಂತ ನಾವು ಕರೆಯುವುದು ಇದನ್ನೇ. ಗಾಜಿನ ದಪ್ಪ ಪಾತ್ರೆಯಲ್ಲಿ ಮಿಥಿಲೀನ್ ಬ್ಲೂ ಕಲಸಿದ ನೀರು. ಅದರಲ್ಲಿ ಸ್ಟ್ರಿಪ್ ಮುಳುಗಿಸಿ, ಮುಚ್ಚಳ ಹಾಕಿ, ಪಂಪಿನಿಂದ ಗಾಳಿ ಎಳೆಯಬೇಕು. ಸೀಲ್ ಎಲ್ಲಾದರೂ ಬಿಟ್ಟಿದ್ದರೆ ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬರುತ್ತೆ. ಹೊಸಬರು ಗುಳ್ಳೆ ಎಣಿಸುತ್ತಾ ಕೂರುತ್ತಾರೆ, ನಾನೂ ಕೂತಿದ್ದೆ. ಅಸಲಿ ಪರೀಕ್ಷೆ ನಡೆಯುವುದು ಆಮೇಲೆ, ಗಾಳಿಯನ್ನು ನಿಧಾನಕ್ಕೆ ಒಳಬಿಡುವಾಗ. ಆಗ ಸಂದು ಇರುವ ಪಾಕೆಟ್, ಅಂದರೆ ಮಾತ್ರೆ ಕೂರುವ ಗುಳಿ, ನೀಲಿ ನೀರನ್ನು ಹೀರಿಕೊಳ್ಳುತ್ತೆ. ಸ್ಟ್ರಿಪ್ ತೆಗೆದು ತೊಳೆದು, ಒರೆಸಿ, ಒಂದೊಂದೇ ಪಾಕೆಟ್ ಬಿಚ್ಚಿ ನೋಡಬೇಕು. ಮೊದಲ ವಾರ ನಾನು ಕೈ ಒರೆಸದೆ ಬಿಚ್ಚಿ, ಬೆರಳಿನ ನೀಲಿಯನ್ನೇ ಮಾತ್ರೆಗೆ ಹಚ್ಚಿ, 'ಲೀಕ್ ಆಗಿದೆ' ಅಂತ ಕೂಗಿ ಇಡೀ ಲೈನ್ ನಿಲ್ಲಿಸಿದ್ದೆ. ಆಮೇಲೆ ಒಂದು ತಿಂಗಳು ನನ್ನ ಹೆಸರೇ 'ನೀಲಕಂಠ'.

ನಿಜವಾದ ಲೀಕ್ ಬಂದದ್ದು ಒಂದು ಜುಲೈನಲ್ಲಿ. ಗೋವಾದ ಮಳೆಗಾಲ ಗೊತ್ತಲ್ಲ, ಗೋಡೆಗೆ ಒರಗಿಸಿಟ್ಟ ಚಪ್ಪಲಿಗೂ ಬೂಸ್ಟು. ಪ್ಯಾಕಿಂಗ್ ಹಾಲ್‌ನ ಒಳಗೆ ಮಾತ್ರ ಗಾಳಿಯನ್ನು ಒಣಗಿಸಿ ಬಿಡುತ್ತಾರೆ. ಅವತ್ತು ಓಡುತ್ತಿದ್ದದ್ದು ತೇವ ತಾಳದ ಮಾತ್ರೆ, ಹಾಗಾಗಿ ಅಲು-ಅಲು ಪ್ಯಾಕ್. ಸಾಮಾನ್ಯ ಬ್ಲಿಸ್ಟರಿನಲ್ಲಿ, ಅಂದರೆ ಪ್ಲಾಸ್ಟಿಕ್ ಗುಳಿಯ ಸ್ಟ್ರಿಪ್ಪಿನಲ್ಲಿ, 250 ಮೈಕ್ರಾನ್ ದಪ್ಪದ ಪಿವಿಸಿ ಹಾಳೆಯನ್ನು ಬಿಸಿ ಮಾಡಿ ಗುಳಿ ಮಾಡುತ್ತೇವೆ. ಆ ಪ್ಲಾಸ್ಟಿಕ್ ಮೂಲಕ ತೇವ ಸಣ್ಣಗೆ ನುಸುಳುತ್ತಲೇ ಇರುತ್ತೆ. ಮೇಲೆ ಪಿವಿಡಿಸಿ ಲೇಪನ ಕೊಟ್ಟರೆ ಕಡಿಮೆಯಾಗುತ್ತೆ, ಪೂರ್ತಿ ನಿಲ್ಲುವುದಿಲ್ಲ. ಅಲು-ಅಲುನಲ್ಲಿ ಎರಡೂ ಕಡೆ ಅಲ್ಯೂಮಿನಿಯಂ. ಗುಳಿಯಾಗುವ ಹಾಳೆಯಲ್ಲಿ ಹೊರಗೆ 25 ಮೈಕ್ರಾನ್ ನೈಲಾನ್, ನಡುವೆ 45 ಮೈಕ್ರಾನ್ ಅಲ್ಯೂಮಿನಿಯಂ, ಒಳಗೆ 60 ಮೈಕ್ರಾನ್ ಪಿವಿಸಿ. ಇದನ್ನು ಬಿಸಿ ಮಾಡದೆ ಒತ್ತಿಯೇ ಗುಳಿ ತೆಗೆಯಬೇಕು. ಅಲ್ಯೂಮಿನಿಯಂ ಜಾಸ್ತಿ ಎಳೆದರೆ ಹರಿಯುತ್ತೆ, ಅದಕ್ಕೇ ಗುಳಿ ಅಗಲವಾಗಿ, ಇಳಿಜಾರಾಗಿ ಇರುತ್ತೆ. 'ಹತ್ತು ಮಾತ್ರೆಗೆ ಅಂಗೈಯಗಲ ಹಾಳೆ ಯಾಕೆ, ದುಡ್ಡು ಕೀಳೋಕೆ' ಅಂತ ಬೈಯುವವರಿಗೆ ಉತ್ತರ ಇದು.

ಮಧ್ಯಾಹ್ನದ ಟೆಸ್ಟಿನಲ್ಲಿ ಒಂದು ಪಾಕೆಟ್ ನೀಲಿಯಾಗಿತ್ತು. ಮತ್ತೆ ಸ್ಯಾಂಪಲ್ ತೆಗೆದೆವು, ಮತ್ತೆ ಒಂದು. ಗುಣಮಟ್ಟ ನೋಡುವ ಕ್ಯೂಎ ವಿಭಾಗದ ಹುಡುಗ ಫಾಯಿಲಿನ ಪಿನ್‌ಹೋಲ್, ಸೂಜಿಮೊನೆಯಷ್ಟು ತೂತು, ಇರಬೇಕು, ರೋಲ್ ಬದಲಿಸಿ ಅಂದ. ಬದಲಿಸಿದೆವು, ಮತ್ತೂ ಒಂದು. ಆಗ ತಪಾಸಣೆ ಟೇಬಲ್ಲಿನಲ್ಲಿದ್ದ ಗದಗಿನ ಅಕ್ಕ ಮೂರೂ ಸ್ಟ್ರಿಪ್ ಸಾಲಾಗಿಟ್ಟು ಕರೆದಳು.

"ಅಣ್ಣಾ, ಇಲ್ಲಿ ಬಂದು ನೋಡ್ರಿ. ಮೂರೂ ಒಂದ ಮೂಲ್ಯಾಗ ಅದಾವ."

ಅವಳು ಹೇಳಿದ್ದೇ ಸರಿ. ಪಿನ್‌ಹೋಲ್ ಆಗಿದ್ದರೆ ಇವತ್ತು ಇಲ್ಲಿ, ನಾಳೆ ಅಲ್ಲಿ. ಪ್ರತಿ ಸಲ ಅದೇ ಮೂಲೆ ಅಂದರೆ ತಪ್ಪು ಮಾಲಿನದಲ್ಲ, ಮಷೀನಿನದು. ಮಷೀನ್ ತಣ್ಣಗಾದ ಮೇಲೆ ಸೀಲಿಂಗ್ ಪ್ಲೇಟ್ ಇಳಿಸಿದರೆ, ಮೂಲೆಯಲ್ಲಿ ಹಾಳೆಗಳನ್ನು ಒತ್ತಿ ಅಂಟಿಸುವ ನರ್ಲಿಂಗ್ ಹಲ್ಲುಗಳ ನಡುವೆ ಒಡೆದ ಮಾತ್ರೆಯ ಚೂರು ಒತ್ತಿ ಕಲ್ಲಾಗಿತ್ತು. ಅಕ್ಕಿಕಾಳಿನ ಕಾಲು ಭಾಗವೂ ಇರಲಿಲ್ಲ. ಅಷ್ಟು ಜಾಗದಲ್ಲಿ ಸೀಲ್ ಕೂರದೆ, ಪಾಕೆಟ್ಟಿನಿಂದ ಅಂಚಿನವರೆಗೆ ಕೂದಲೆಳೆಯಂಥ ದಾರಿ.

ಹಿಂದಿನ ಟೆಸ್ಟ್ ಪಾಸಾಗಿ ಎರಡು ಗಂಟೆಯಾಗಿತ್ತು. ಮಷೀನ್ ನಿಮಿಷಕ್ಕೆ 200 ಸ್ಟ್ರಿಪ್. ಅಂದರೆ 24,000 ಸ್ಟ್ರಿಪ್ಪುಗಳ ಮೇಲೆ ಅನುಮಾನ. ಸಂಜೆ ಲೋಡ್ ಹೋಗಬೇಕಿತ್ತು, ಮೇಲಿನವರೊಬ್ಬರು 'ಇನ್ನೊಂದು ಸ್ಯಾಂಪಲ್ ತೆಗೆದು ನೋಡಿ' ಅಂದರು. ಆ ಮಾತಿನ ಅರ್ಥ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು: ಪಾಸಾಗುವ ತನಕ ತೆಗೆಯಿರಿ. ನಾನು ಡೀವಿಯೇಷನ್, ಅಂದರೆ ತಪ್ಪಾದದ್ದರ ದಾಖಲೆ, ಬರೆದು ಸಹಿ ಹಾಕಿಬಿಟ್ಟೆ. ಒಮ್ಮೆ ಕಾಗದಕ್ಕೆ ಇಳಿದರೆ ಯಾರೂ ಅಳಿಸಲಾರರು. ಅಷ್ಟೂ ಮಾಲು ರಿಜೆಕ್ಟ್ ಆಯಿತು. ಮೂರು ದಿನ ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಅಂದಿನಿಂದ ನನ್ನ ಲೈನಿನಲ್ಲಿ ಮಷೀನ್ ಯಾವ ಕಾರಣಕ್ಕೆ ನಿಂತರೂ, ಚಹಾ ಬ್ರೇಕಿಗೇ ಆಗಲಿ, ಮತ್ತೆ ಶುರುವಾದೊಡನೆ ಲೀಕ್ ಟೆಸ್ಟ್.

ಕ್ಯಾಮೆರಾ ಇದೆಯಲ್ಲ ಅನ್ನುತ್ತಾರೆ. ಖಾಲಿ ಪಾಕೆಟ್, ಒಡೆದ ಮಾತ್ರೆ, ಬೇರೆ ಬಣ್ಣದ ಮಾತ್ರೆಯನ್ನು ಅದು ಹಿಡಿಯುತ್ತೆ ನಿಜ, ಸೀಲಿನ ಸಂದು ಅದಕ್ಕೆ ಕಾಣದು. ಆ ಕ್ಯಾಮೆರಾವನ್ನೂ ನಾವು ನಂಬುವುದಿಲ್ಲ. ಶಿಫ್ಟ್ ಶುರುವಿಗೆ ಬೇಕಂತಲೇ ಮೂರು ಕೆಟ್ಟ ಸ್ಟ್ರಿಪ್ ಬಿಡುತ್ತೇವೆ. ಮೂರೂ ರಿಜೆಕ್ಟ್ ಪೆಟ್ಟಿಗೆಯಲ್ಲಿ ಬೀಳಬೇಕು. ಎರಡೇ ಬಿದ್ದರೆ ಮೂರನೆಯದು ಸಿಗುವ ತನಕ ಲೈನ್ ಬಂದ್. ಪ್ರಿಂಟಾದ ಕಾರ್ಟನ್ನಿಗೂ ಇದೇ ಲೆಕ್ಕ: ಬಂದದ್ದೆಷ್ಟು, ಬಳಸಿದ್ದೆಷ್ಟು, ಹರಿದದ್ದೆಷ್ಟು. ಹಿಂದಿನ ಔಷಧದ ಒಂದೇ ಒಂದು ಕಾರ್ಟನ್ ಕನ್ವೇಯರ್ ಕೆಳಗೆ ಉಳಿದಿದ್ದರೂ ಅದು ಬಿಪಿ ಮಾತ್ರೆಯ ಹೆಸರಿನಲ್ಲಿ ಶುಗರ್ ಮಾತ್ರೆಯಾಗಿ ಯಾರದೋ ಮನೆ ಸೇರಬಹುದು.

ಬಾಟಲಿಗಳ ಕಥೆ ಬೇರೆ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಅನ್ನುವ ನೋವಿನ ಕ್ಯಾಪ್ಸೂಲಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತ ಮೇಲೆ, ಬಿಚ್ಚಿದರೆ ಗೊತ್ತಾಗುವ ಸೀಲ್ ಅಮೆರಿಕದಲ್ಲಿ ಕಡ್ಡಾಯವಾಯಿತು. ನಮ್ಮ ಸಿರಪ್ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳವೂ ಅದೇ ಕೆಲಸದ್ದು: ತಿರುಗಿಸಿದರೆ ಕೆಳಗಿನ ಬಳೆ 'ಟಕ್' ಅಂತ ಕಳಚಬೇಕು. ಆ ಸದ್ದು ಬರದ, ಬಳೆ ಮೊದಲೇ ಬಿಟ್ಟಿರುವ ಬಾಟಲಿಯನ್ನು ನಾನು ಮೆಡಿಕಲ್ಲಿನಲ್ಲೇ ವಾಪಸ್ ಕೊಡುತ್ತೇನೆ.

ಒತ್ತಿ ತಿರುಗಿಸುವ ಮುಚ್ಚಳ ಅಮೆರಿಕಕ್ಕೆ ಹೋಗುವ ಬಾಟಲಿಗೆ. ಅಲ್ಲಿನ ನಿಯಮದಲ್ಲಿ 42ರಿಂದ 51 ತಿಂಗಳ ಮಕ್ಕಳ ಕೈಗೇ ಅದನ್ನು ಕೊಟ್ಟು ಪರೀಕ್ಷೆ ಮಾಡುತ್ತಾರೆ. ಮೊದಲ ಐದು ನಿಮಿಷ ನೂರಕ್ಕೆ 85 ಮಕ್ಕಳಿಗಾದರೂ ಬಿಚ್ಚಲು ಬರಬಾರದು. ಬಿಚ್ಚಿ ತೋರಿಸಿದ ಮೇಲೂ 80 ಮಕ್ಕಳಿಗೆ ಬರಬಾರದು. ಜೊತೆಗೆ 50ರಿಂದ 70 ವರ್ಷದ ಹಿರಿಯರಲ್ಲಿ ನೂರಕ್ಕೆ 90 ಜನರಿಗೆ ಬರಲೇಬೇಕು. ಅಂಥ ಮುಚ್ಚಳದ ಖಾಲಿ ಬಾಟಲಿಯೊಂದನ್ನು ಹೆಮ್ಮೆಯಿಂದ ಅವ್ವನಿಗೆ ತಂದುಕೊಟ್ಟೆ. ಸಂಧಿವಾತದ ಕೈ, ಅವಳಿಗೆ ಬಿಚ್ಚಲಾಗಲಿಲ್ಲ. ಪಕ್ಕದ ಮನೆಯ ಏಳು ವರ್ಷದ ಹುಡುಗ ಬಿಚ್ಚಿಕೊಟ್ಟ.

"ನಿನ್ನ ಡಬ್ಬಿ ನೀನ ಇಟ್ಟಕೊ," ಅಂದಳು ಅವ್ವ.

ಅವಳದ್ದು ಒಂದು ಸ್ಟೀಲ್ ಡಬ್ಬಿ. ಹೃದಯಕ್ಕೆ ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ನು, ಬಿಪಿ ಮಾತ್ರೆ, ಎಲ್ಲವನ್ನೂ ತಿಂಗಳ ಮೊದಲಿಗೆ ಸ್ಟ್ರಿಪ್ಪಿನಿಂದ ಕಳಚಿ ಅದಕ್ಕೆ ಸುರಿದು, ಗ್ಯಾಸ್ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಒಂದು ಆಗಸ್ಟಿನಲ್ಲಿ ಮುಚ್ಚಳ ತೆಗೆದೆ, ಹುಳಿ ವಾಸನೆ. ವಿನೆಗರ್. ತೇವ ತಗುಲಿದ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ, ವಿನೆಗರಿನಲ್ಲಿ ಇರುವುದೂ ಅದೇ. 24,000 ಸ್ಟ್ರಿಪ್ಪಿಗಾಗಿ ಪ್ಯಾಕಿಂಗ್ ಹಾಲ್‌ನಲ್ಲಿ ಜಗಳವಾಡಿದವನ ಮನೆಯಲ್ಲೇ ಎಲ್ಲಾ ಸೀಲೂ ಬಿಚ್ಚಿ ಕೂತಿತ್ತು.

ಬೈಯಬೇಕು ಅನಿಸಿತು, ಬೈಯಲಿಲ್ಲ. ಯಾಕೆ ಕಳಚುತ್ತಾಳೆ ಅಂತ ಕೇಳಿದೆ. ಒತ್ತಿದರೆ ಹೆಬ್ಬೆರಳು ನೋಯುತ್ತೆ, ದಿನಾ ಯಾರನ್ನು ಕರೆಯಲಿ ಅಂದಳು. ಈಗ ರಾತ್ರಿ ಊಟವಾದ ಮೇಲೆ ನಾನೋ ಮಗಳೋ ಮರುದಿನದ್ದಷ್ಟೇ ಮಾತ್ರೆ ತೆಗೆದು ಸಣ್ಣ ಬಟ್ಟಲಿಗೆ ಹಾಕಿ ಮುಚ್ಚಿಡುತ್ತೇವೆ. ಸ್ಟ್ರಿಪ್ಪುಗಳು ಅಡುಗೆಮನೆ ಬಿಟ್ಟು ಬೀರುವಿಗೆ ಹೋಗಿವೆ. ಮೆಡಿಕಲ್ಲಿನವನು ಕತ್ತರಿ ಎತ್ತಿದರೆ, ಬ್ಯಾಚ್ ನಂಬರು, ಎಕ್ಸ್‌ಪೈರಿ ಇರುವ ತುದಿ ನನಗೇ ಬೇಕು ಅನ್ನುತ್ತೇನೆ. ಆ ತುದಿ ಇನ್ಯಾರಿಗೋ ಹೋಗಿದ್ದರೆ ಬಿಲ್ಲಿನ ಮೇಲೆ ಎರಡನ್ನೂ ಬರೆಸಿಕೊಳ್ಳುತ್ತೇನೆ. 2023ರ ಆಗಸ್ಟ್ 1ರಿಂದ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿ ಬ್ಯಾಚ್ ನಂಬರು ಹೊಂದಿಸಿ ನೋಡುವುದು ಮಗಳ ಕೆಲಸ, ಅವಳಿಗದು ಆಟ.

ಸ್ಟೀಲ್ ಡಬ್ಬಿಯನ್ನು ಅವ್ವ ಎಸೆದಿಲ್ಲ. ತಿಕ್ಕಿ ತೊಳೆದು ಲವಂಗ ತುಂಬಿದ್ದಾಳೆ.