4-3ರಿಂದ 3-4ಕ್ಕೆ: ಲೈನ್‌ಬ್ಯಾಕರ್‌ಗಳಿಗೆ ಜಾಗ ಹುಡುಕಿದ ನನ್ನ ಅನುಭವ

ಡಲ್ಲಾಸ್ ನಗರದ ಹೊರವಲಯದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಹಗಲು ಗಣಿತ ಕಲಿಸುತ್ತೇನೆ. ತರಗತಿಗಳು ಮುಗಿದ ಮೇಲೆ ಅದೇ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಲೈನ್‌ಬ್ಯಾಕರ್‌ಗಳಿಗೆ ತರಬೇತಿ ಕೊಡುತ್ತೇನೆ. ಟೆಕ್ಸಸ್‌ನಲ್ಲಿ ಶಾಲಾ ಫುಟ್‌ಬಾಲ್ ತರಬೇತುದಾರರು ಶಾಲಾ ಆಡಳಿತದ ಪೂರ್ಣಾವಧಿ ನೌಕರರಾಗಿರಬೇಕೆಂಬ ನಿಯಮವಿರುವುದರಿಂದ ಇಂಥ ಜೋಡಿ ಕೆಲಸ ಇಲ್ಲಿ ಸಾಮಾನ್ಯ. ಮಂಡ್ಯದಲ್ಲಿ ಕಾಲೇಜು ಓದುವಾಗ ಕಬಡ್ಡಿಯಲ್ಲಿ ಎಡ ಕಾರ್ನರ್ ಆಡುತ್ತಿದ್ದ ನನಗೆ, ಎದುರಾಳಿಯ ಮುಖವನ್ನು ಬಿಟ್ಟು ಸೊಂಟವನ್ನು ನೋಡಬೇಕೆಂಬ ಪಾಠ ಮೊದಲೇ ಮೈಗೂಡಿತ್ತು. ಆದರೆ ಒಂದು ರಕ್ಷಣಾ ವ್ಯೂಹದಲ್ಲಿ ಬೆಳಗಿದ ಹುಡುಗ ಇನ್ನೊಂದರಲ್ಲಿ ಏಕೆ ಮಂಕಾಗುತ್ತಾನೆ ಎಂಬುದು ಅರ್ಥವಾಗಲು ಅರ್ಧ ಋತುವೇ ಕಳೆದುಹೋಯಿತು. ಆ ಋತುವಿನ ಮತ್ತು ಅದರ ಮರುವರ್ಷದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟದ ಪರಿಚಯ ಕಡಿಮೆ ಇರುವವರಿಗಾಗಿ ಸ್ವಲ್ಪ ವಿವರಣೆ. ಹನ್ನೊಂದು ಜನರ ರಕ್ಷಣಾ ಪಡೆಯಲ್ಲಿ ಕೈಯನ್ನು ನೆಲಕ್ಕೂರಿ, ಎದುರಾಳಿಯ ಮುಂದಿನ ಸಾಲಿಗೆ ಮೈಯೊಡ್ಡುವವರು ಲೈನ್‌ಮನ್‌ಗಳು. ಅವರ ಬೆನ್ನ ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಂತು, ಎದುರಿನವರು ಚೆಂಡನ್ನು ಹೊತ್ತು ಓಡುತ್ತಾರೋ ಮುಂದಕ್ಕೆ ಎಸೆಯುತ್ತಾರೋ ಎಂದು ಕಣ್ಣಲ್ಲೇ ಅಳೆದು ನಿರ್ಧರಿಸಬೇಕಾದವರು ಲೈನ್‌ಬ್ಯಾಕರ್‌ಗಳು. 4-3 ಎಂದರೆ ನಾಲ್ವರು ಲೈನ್‌ಮನ್, ಮೂವರು ಲೈನ್‌ಬ್ಯಾಕರ್. 3-4 ಎಂದರೆ ಅದರ ತಿರುವುಮುರುವು. ಆಕ್ರಮಣ ಪಡೆಯ ಮುಂದಿನ ಸಾಲಿನ ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರ ಆಚೆ ಟ್ಯಾಕಲ್‌ಗಳು ನಿಲ್ಲುತ್ತಾರೆ. ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದಿಗೆ ಎ, ಗಾರ್ಡ್ ಮತ್ತು ಟ್ಯಾಕಲ್ ನಡುವಿನದಕ್ಕೆ ಬಿ, ಟ್ಯಾಕಲ್‌ನ ಹೊರಬದಿಯದಕ್ಕೆ ಸಿ ಎಂದು ಹೆಸರು. ಪ್ರತಿ ಸಂದಿಗೂ ಒಬ್ಬ ಹೊಣೆಗಾರ ಇರಲೇಬೇಕು. ಒಂದೇ ಸಂದಿಗೆ ಇಬ್ಬರು ನುಗ್ಗಿದರೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಎದುರಾಳಿ ಟ್ಯಾಕಲ್‌ನ ಪಕ್ಕಕ್ಕೆ ನಿಲ್ಲುವ ಆರನೆಯವನು ಟೈಟ್ ಎಂಡ್. ಅವನಿರುವ ಬದಿಯ ಲೈನ್‌ಬ್ಯಾಕರ್‌ನನ್ನು ಸ್ಯಾಮ್, ನಡುವಿನವನನ್ನು ಮೈಕ್, ಇನ್ನೊಂದು ಬದಿಯವನನ್ನು ವಿಲ್ ಎಂದು ಕರೆಯುವುದು ರೂಢಿ. ಸ್ಟ್ರಾಂಗ್, ಮಿಡ್ಲ್, ವೀಕ್ ಎಂಬ ಪದಗಳ ಮೊದಲ ಅಕ್ಷರಗಳಿಂದ ಈ ಹೆಸರುಗಳು ಹುಟ್ಟಿವೆ.

ನಮ್ಮ ಊರಿನ ಸುತ್ತಮುತ್ತ 4-3ಕ್ಕೆ ಒಂದು ಬಗೆಯ ಮನೆತನದ ಗೌರವವಿದೆ. 1950ರ ದಶಕದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣೆಯ ಹೊಣೆ ಹೊತ್ತಿದ್ದಾಗ ಈ ವ್ಯೂಹವನ್ನು ರೂಪಿಸಿ, ಸ್ಯಾಮ್ ಹಫ್ ಅವರನ್ನು ಅದರ ನಡುವಿನ ಲೈನ್‌ಬ್ಯಾಕರ್ ಆಗಿ ನಿಲ್ಲಿಸಿದ ಟಾಮ್ ಲ್ಯಾಂಡ್ರಿಯವರೇ 1960ರಿಂದ 1988ರವರೆಗೆ ಡಲ್ಲಾಸ್ ಕೌಬಾಯ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಲೆ ಆಡುತ್ತಿದ್ದುದು ಅದರ 'ಅಂಡರ್' ಎಂಬ ರೂಪವನ್ನು. ರಕ್ಷಣಾ ಸಾಲಿನ ಒಳಗಿನ ಲೈನ್‌ಮನ್‌ಗಳನ್ನೂ ಟ್ಯಾಕಲ್ ಎಂದೇ ಕರೆಯುತ್ತಾರೆ, ಅಂಚಿನವರನ್ನು ಎಂಡ್ ಎನ್ನುತ್ತಾರೆ. ಇದರಲ್ಲಿ ನಮ್ಮ ಒಬ್ಬ ಟ್ಯಾಕಲ್ ದುರ್ಬಲ ಬದಿಯ, ಅಂದರೆ ಟೈಟ್ ಎಂಡ್ ಇಲ್ಲದ ಬದಿಯ, ಗಾರ್ಡ್‌ನ ಹೊರ ಭುಜದ ಮೇಲೆ ನಿಲ್ಲುತ್ತಾನೆ. ಆ ಗಾರ್ಡ್‌ಗೆ ನಮ್ಮ ಟ್ಯಾಕಲ್‌ನನ್ನು ಬಿಟ್ಟು ಮುಂದೆ ಹೋಗುವುದೇ ಕಷ್ಟ. ಆದ್ದರಿಂದ ಹಿಂದೆ ನಿಂತಿರುವ ವಿಲ್‌ಗೆ ತನ್ನ ಎ ಸಂದಿನವರೆಗೆ ದಾರಿ ಸುಗಮವಾಗಿರುತ್ತದೆ.

ಆ ವರ್ಷ ನಮ್ಮ ವಿಲ್ 5 ಅಡಿ 8 ಅಂಗುಲದ, 175 ಪೌಂಡ್ ಅಂದರೆ ಸುಮಾರು 80 ಕಿಲೋ ತೂಕದ ಹುಡುಗ. ಚೆಂಡು ಸೆಂಟರ್‌ನ ಕೈಯಿಂದ ಬಿಡುತ್ತಿದ್ದಂತೆ ಅವನ ಮೊದಲ ಹೆಜ್ಜೆ ಬಿದ್ದಾಗಿರುತ್ತಿತ್ತು. ಮೈಕ್ ಅವನಿಗಿಂತ 40 ಪೌಂಡ್ ಹೆಚ್ಚು ತೂಕದವನು, ನಿಧಾನಿ, ಆದರೆ ಎದುರಾಳಿಯ ನಿಲುವನ್ನು ನೋಡಿ ಇಡೀ ಪಡೆಗೆ ಕೂಗಿ ಹೇಳಬಲ್ಲವನು. ಸ್ಯಾಮ್ ಎತ್ತರದ, ಉದ್ದ ಕೈಗಳ ಹುಡುಗ; ಟೈಟ್ ಎಂಡ್‌ನ ಎದೆಗೆ ಕೈಕೊಟ್ಟು ಅವನನ್ನು ನಿಂತಲ್ಲೇ ನಿಲ್ಲಿಸುತ್ತಿದ್ದ. ಮೂವರೂ ತಮ್ಮ ತಮ್ಮ ಜಾಗದಲ್ಲಿ ಎಷ್ಟು ಸಹಜವಾಗಿ ಹೊಂದಿಕೊಂಡಿದ್ದರೆಂದರೆ, ಅದು ಅವರ ಸ್ವಂತ ಗುಣ ಎಂದೇ ನಾನು ನಂಬಿದ್ದೆ. ಮುಂದೆ ನಿಂತ ಟ್ಯಾಕಲ್‌ಗಳ ಪಾಲು ಅದರಲ್ಲಿ ಎಷ್ಟಿತ್ತು ಎಂದು ನಾನು ಲೆಕ್ಕ ಹಾಕಿರಲಿಲ್ಲ.

ಮರುವರ್ಷ ಆ ಟ್ಯಾಕಲ್‌ಗಳಿಬ್ಬರೂ ಓದು ಮುಗಿಸಿ ಶಾಲೆ ಬಿಟ್ಟರು. ಉಳಿದವನು 270 ಪೌಂಡ್ ತೂಕದ ಒಬ್ಬನೇ ಭಾರಿ ಹುಡುಗ. ನಾಲ್ವರು ಲೈನ್‌ಮನ್‌ಗಳನ್ನು ಹೊಂದಿಸಲಾಗದ ಕಾರಣ 3-4ಕ್ಕೆ ಹೋಗೋಣವೆಂದು ಎಲ್ಲರೂ ಸೇರಿ ನಿರ್ಧರಿಸಿದೆವು. ನಾನೂ ಮನಸಾರೆ ಒಪ್ಪಿದೆ. ಭಾರಿ ಹುಡುಗ ನೋಸ್ ಟ್ಯಾಕಲ್ ಆಗಿ ಸೆಂಟರ್‌ನ ನೆತ್ತಿಯ ನೇರಕ್ಕೆ ನಿಂತು ಎರಡೂ ಬದಿಯ ಎ ಸಂದುಗಳನ್ನು ಕಾಯುವುದು, ಇಬ್ಬರು ಎಂಡ್‌ಗಳು ಎದುರಾಳಿ ಟ್ಯಾಕಲ್‌ಗಳ ನೇರಕ್ಕೆ ನಿಂತು ತಲಾ ಎರಡು ಸಂದು ಕಾಯುವುದು, ಮೈಕ್ ಮತ್ತು ವಿಲ್ ಒಳಗಿನ ಲೈನ್‌ಬ್ಯಾಕರ್‌ಗಳಾಗುವುದು, ಹಳೆಯ ಸ್ಯಾಮ್ ಮತ್ತು ನಮ್ಮ ಚುರುಕಾದ ಎಂಡ್ ಒಬ್ಬ ಹೊರಗಿನ ಲೈನ್‌ಬ್ಯಾಕರ್‌ಗಳಾಗುವುದು ಎಂದು ಹಲಗೆಯ ಮೇಲೆ ಬರೆದಾಗ ಎಲ್ಲವೂ ಒಪ್ಪವಾಗಿ ಕಂಡಿತು.

ಮೊದಲ ಮೂರು ಪಂದ್ಯಗಳಲ್ಲಿ ವಿಲ್ ಕಾಣೆಯಾದ. ಹಿಂದಿನ ವರ್ಷ ಓಟಗಾರನನ್ನು ಗೆರೆಯಲ್ಲೇ ಕೆಡವುತ್ತಿದ್ದ ಹುಡುಗ ಈಗ ಐದಾರು ಗಜ ಹಿಂದೆ, ಯಾರದೋ ಮೈಕೆಳಗೆ ಸಿಕ್ಕಿರುತ್ತಿದ್ದ. ಅವನು ಹಿಂಜರಿಯುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಅಭ್ಯಾಸದ ಮೈದಾನದಲ್ಲಿ, ಉಳಿದವರ ಎದುರಿನಲ್ಲೇ ಅದನ್ನು ಹೇಳಿಯೂಬಿಟ್ಟೆ. ಅವನು ಅಲ್ಲಿ ಮಾತಾಡಲಿಲ್ಲ. ಮರುದಿನ ಊಟದ ವಿರಾಮದಲ್ಲಿ ನನ್ನ ತರಗತಿಗೆ ಬಂದು, "ಕೋಚ್, ನನಗೆ ಹೆದರಿಕೆ ಇಲ್ಲ. ದಾರಿಯೇ ಇಲ್ಲ," ಎಂದ.

ಆ ಸಂಜೆ ಮೂರೂ ಪಂದ್ಯಗಳ ವಿಡಿಯೋವನ್ನು ಮತ್ತೆ ಹಾಕಿಕೊಂಡು ಕುಳಿತೆ. ಈ ಸಲ ವಿಲ್‌ನನ್ನು ನೋಡದೆ, ಅವನ ಎದುರಿನ ಗಾರ್ಡ್‌ನನ್ನೇ ನೋಡಿದೆ. ಪ್ರತಿ ಓಟದ ಆಟದಲ್ಲೂ ಆ ಗಾರ್ಡ್ ಎದ್ದ ಜಾಗದಿಂದ ವಿಲ್ ನಿಂತ ಜಾಗದವರೆಗೆ ಕಾಗದದ ಮೇಲೆ ಒಂದು ಗೆರೆ ಎಳೆದೆ. ಬಹುಪಾಲು ಗೆರೆಗಳು ನೇರವಾಗಿದ್ದವು. ನಮ್ಮ ಮೂವರು ಲೈನ್‌ಮನ್‌ಗಳು ಸೆಂಟರ್ ಮತ್ತು ಟ್ಯಾಕಲ್‌ಗಳ ನೇರಕ್ಕೆ ನಿಂತಿದ್ದರಿಂದ ಎರಡೂ ಗಾರ್ಡ್‌ಗಳ ಎದುರು ಯಾರೂ ಇರಲಿಲ್ಲ. 260 ಪೌಂಡ್‌ನ ಹುಡುಗನೊಬ್ಬ ಯಾವ ಅಡ್ಡಿಯೂ ಇಲ್ಲದೆ ನಾಲ್ಕು ಗಜ ಓಡಿಬಂದು 175 ಪೌಂಡ್‌ನವನ ಎದೆಗೆ ಅಪ್ಪಳಿಸುತ್ತಿದ್ದ. ಅದೇ ವ್ಯೂಹದಲ್ಲಿ ಮೈಕ್ ಹಿಂದಿನ ವರ್ಷಕ್ಕಿಂತ ಚೆನ್ನಾಗಿ ಆಡುತ್ತಿದ್ದ, ಏಕೆಂದರೆ ಗಾರ್ಡ್‌ನನ್ನು ಎದುರುಗೊಂಡು ಅವನನ್ನು ಒಂದು ಬದಿಗೆ ಸರಿಸುವಷ್ಟು ತೂಕ ಅವನಿಗಿತ್ತು, ಮತ್ತು ಅಗಲಕ್ಕೆ ಓಡಬೇಕಾದ ದೂರ ಅವನಿಗೆ ಕಡಿಮೆಯಾಗಿತ್ತು. ಮರುದಿನ ಬೆಳಿಗ್ಗೆ ಅದೇ ಉಳಿದವರ ಎದುರಿನಲ್ಲಿ ವಿಲ್‌ನ ಕ್ಷಮೆ ಕೇಳಿದೆ.

ವೃತ್ತಿಪರರಲ್ಲೂ ಇದೇ ಕಥೆ ನಡೆದಿದೆ ಎಂಬುದು ನನಗೆ ಆಮೇಲೆ ಕಣ್ಣಿಗೆ ಕಟ್ಟಿತು. 2000ದಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ 16 ಪಂದ್ಯಗಳಲ್ಲಿ ಕೇವಲ 165 ಅಂಕ ಬಿಟ್ಟುಕೊಟ್ಟಾಗ ಅದರ ನಡುವಿನ ಲೈನ್‌ಬ್ಯಾಕರ್ ರೇ ಲೂಯಿಸ್ ಅವರ ಮುಂದೆ ಟೋನಿ ಸಿರಗೂಸಾ ಮತ್ತು ಸ್ಯಾಮ್ ಆಡಮ್ಸ್ ಎಂಬ 300 ಪೌಂಡ್ ಮೀರಿದ ಇಬ್ಬರು ಟ್ಯಾಕಲ್‌ಗಳು ಗೋಡೆಯಂತೆ ನಿಂತಿದ್ದರು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಲೈನ್‌ಬ್ಯಾಕರ್ ಆಗಿದ್ದ ಡೆಮೆಕೊ ರೈನ್ಸ್ ಇದ್ದಾರೆ. 4-3ರಲ್ಲಿ ಆಡಿ 2006ರ ಅತ್ಯುತ್ತಮ ಹೊಸ ರಕ್ಷಣಾ ಆಟಗಾರ ಎನಿಸಿಕೊಂಡ ಅವರು, 2011ರಲ್ಲಿ ತಂಡ 3-4ಕ್ಕೆ ಹೊರಳಿದಾಗ ಎಸೆತದ ಸಂದರ್ಭಗಳಲ್ಲಿ ಹೊರಗೆ ಕೂರುವಂತಾಯಿತು. 2012ರ ಮಾರ್ಚ್‌ನಲ್ಲಿ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸಲಾಯಿತು, ಅಲ್ಲಿ 4-3ರ ನಡುವಿನ ಜಾಗ ಮತ್ತೆ ಅವರದಾಯಿತು. 2010ರಲ್ಲಿ ಹಿಮ್ಮಡಿಯ ನರ ಹರಿದುಕೊಂಡಿದ್ದೂ ಇದಕ್ಕೆ ಕಾರಣವಾಗಿದ್ದೀತು. ಆದರೆ ಆಟಗಾರನ ಬುದ್ಧಿಯಾಗಲಿ ಧೈರ್ಯವಾಗಲಿ ಕುಂದಿರಲಿಲ್ಲ ಎಂಬುದಂತೂ ನಿಶ್ಚಯ. ಅವರೇ 2023ರಿಂದ ಅದೇ ಹ್ಯೂಸ್ಟನ್ ತಂಡದ ಮುಖ್ಯ ತರಬೇತುದಾರರು.

ಹಾಗೆಂದು ಗಿಡ್ಡ ಹುಡುಗರಿಗೆ 3-4 ಒಗ್ಗುವುದಿಲ್ಲ ಎಂಬ ಸಾರಾಸಗಟು ಮಾತನ್ನು ನಾನು ಒಪ್ಪುವುದಿಲ್ಲ. 5 ಅಡಿ 9 ಅಂಗುಲದ ಸ್ಯಾಮ್ ಮಿಲ್ಸ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ 3-4ರಲ್ಲಿ ಒಳಗಿನ ಲೈನ್‌ಬ್ಯಾಕರ್ ಆಗಿ ವರ್ಷಗಟ್ಟಲೆ ಮೆರೆದವರು. 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಎದುರಾಳಿಯ ಭುಜಕ್ಕಿಂತ ಕೆಳಗಿನಿಂದ ಎದ್ದು ಹೊಡೆಯುವ ಕಲೆ ಅವರಿಗೆ ಸಿದ್ಧಿಸಿತ್ತು. ಆದರೆ ಆ ಕಲೆ ಬರಲು ವರ್ಷಗಳು ಬೇಕು, ನನ್ನ ಬಳಿ ಇದ್ದುದು ಏಳು ವಾರ.

ಪರಿಹಾರಕ್ಕೆ ಬಮ್ ಫಿಲಿಪ್ಸ್ ಅವರ ದಾರಿ ನೆರವಾಯಿತು. 1975ರಿಂದ 1980ರವರೆಗೆ ಹ್ಯೂಸ್ಟನ್ ಆಯಿಲರ್ಸ್ ತಂಡವನ್ನು ನಡೆಸಿದ ಅವರ ಮತ್ತು ಅವರ ಮಗ ವೇಡ್ ಫಿಲಿಪ್ಸ್ ಅವರ 3-4ರಲ್ಲಿ ಲೈನ್‌ಮನ್ ಎರಡು ಸಂದು ಕಾಯುತ್ತ ನಿಲ್ಲುವುದಿಲ್ಲ, ಒಂದೇ ಸಂದಿಗೆ ನುಗ್ಗುತ್ತಾನೆ. ನಾವು ನೋಸ್ ಟ್ಯಾಕಲ್‌ನನ್ನು ಬಲವಾದ ಬದಿಗೆ ಅರ್ಧ ಮೈಯಷ್ಟು ಸರಿಸಿದೆವು. ದುರ್ಬಲ ಬದಿಯ ಎಂಡ್‌ನನ್ನು ಒಳಕ್ಕೆ ತಂದು ಗಾರ್ಡ್‌ನ ಹೊರ ಭುಜದ ಮೇಲೆ ನಿಲ್ಲಿಸಿದೆವು. ಆ ಬದಿಯ ಸಿ ಸಂದನ್ನು ಹೊರಗಿನ ಲೈನ್‌ಬ್ಯಾಕರ್‌ಗೆ ಒಪ್ಪಿಸಿದೆವು. ಚಿತ್ರ ಬರೆದು ನೋಡಿದರೆ ಅದು ಹೆಚ್ಚುಕಡಿಮೆ ನಮ್ಮ ಹಿಂದಿನ ವರ್ಷದ ಅಂಡರ್ ವ್ಯೂಹವೇ ಆಗಿತ್ತು. ಕೈ ನೆಲಕ್ಕೂರುತ್ತಿದ್ದವನೊಬ್ಬ ಈಗ ಎದ್ದು ನಿಂತಿದ್ದ, ಅಷ್ಟೇ ವ್ಯತ್ಯಾಸ. ವಿಲ್‌ನ ಎದುರಿನ ಗಾರ್ಡ್‌ಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿತು. ನಾಲ್ಕನೆಯ ಪಂದ್ಯದ ಎರಡನೆಯ ಆಟದಲ್ಲೇ ವಿಲ್ ಎ ಸಂದಿನಲ್ಲಿ ಓಟಗಾರನ ಸೊಂಟಕ್ಕೆ ಕೈಹಾಕಿ ಕೆಡವಿದಾಗ ನಾನು ಗೆರೆಯಾಚೆ ನಿಂತು ಕೂಗಿದ ಕೂಗು ನನಗಿನ್ನೂ ನೆನಪಿದೆ.

ಎದ್ದು ನಿಂತ ಆ ಎಂಡ್‌ನ ಕಷ್ಟ ಬೇರೆಯದು. ವರ್ಷಗಳಿಂದ ನೆಲದ ಮಟ್ಟದಿಂದ ಆಟವನ್ನು ನೋಡಿದವನಿಗೆ ನಿಂತು ನೋಡುವಾಗ ಕಾಣುವುದೆಲ್ಲ ಹೊಸದು. ಎಸೆತದ ಸಮಯದಲ್ಲಿ ಹಿಂದಕ್ಕೆ ಸರಿಯುವುದಂತೂ ಅವನ ಸೊಂಟಕ್ಕೆ ಒಗ್ಗಲೇ ಇಲ್ಲ. ಅವನಿಗೆ ಎರಡೇ ಬಗೆಯ ಹಿಂಸರಿತ ಕಲಿಸಿ, ಉಳಿದ ಸಮಯದಲ್ಲಿ ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಲು ಬಿಟ್ಟೆವು. ಮೈಕ್‌ನನ್ನು ಟ್ಯಾಂಪಾ ಟು ಮಾದರಿಯಲ್ಲಿ ಮೈದಾನದ ನಡುವೆ ಆಳಕ್ಕೆ ಓಡಿಸುವ ಪ್ರಯತ್ನವನ್ನು ಎರಡು ವಾರಕ್ಕೆ ಕೈಬಿಟ್ಟೆವು. ಶಿಕಾಗೊ ಬೇರ್ಸ್ ತಂಡದ ಬ್ರಯನ್ ಅರ್ಲಾಕರ್ ಆ ಕೆಲಸವನ್ನು ಲೀಲಾಜಾಲವಾಗಿ ಮಾಡಿದವರು. ಅವರು ಕಾಲೇಜಿನಲ್ಲಿ ಸೇಫ್ಟಿ, ಅಂದರೆ ಎಲ್ಲರ ಹಿಂದೆ ನಿಂತು ಉದ್ದ ಎಸೆತಗಳನ್ನು ಕಾಯುವವನು, ಆಗಿದ್ದವರು ಎಂಬುದನ್ನು ಮರೆಯಬಾರದು.

ಮರುವರ್ಷ ನಮ್ಮ ಎದುರಾಳಿಗಳಲ್ಲಿ ಹೆಚ್ಚಿನವರು ಟೈಟ್ ಎಂಡ್ ಬಿಟ್ಟು, ಎಸೆತ ಹಿಡಿಯುವ ನಾಲ್ವರು ರಿಸೀವರ್‌ಗಳನ್ನು ಹರಡಿ ನಿಲ್ಲಿಸತೊಡಗಿದಾಗ, ನಾವು 4-2-5ಕ್ಕೆ, ಅಂದರೆ ನಾಲ್ವರು ಲೈನ್‌ಮನ್, ಇಬ್ಬರು ಲೈನ್‌ಬ್ಯಾಕರ್, ಎಸೆತ ಕಾಯುವ ಐವರು ಹಿಂದಿನವರು ಇರುವ ವ್ಯೂಹಕ್ಕೆ, ಬಂದೆವು. ಗ್ಯಾರಿ ಪ್ಯಾಟರ್ಸನ್ ಅವರು ಫೋರ್ಟ್ ವರ್ತ್‌ನ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ (ಟಿಸಿಯು) ಎರಡು ದಶಕ ಆಡಿಸಿದ ವ್ಯೂಹ ಇದು. 2011ರ ಜನವರಿ 1ರ ರೋಸ್ ಬೌಲ್ ಕಾಲೇಜು ಪಂದ್ಯದಲ್ಲಿ ವಿಸ್ಕಾನ್ಸಿನ್‌ನ ಎರಡು ಅಂಕದ ಎಸೆತವನ್ನು ಟಿಸಿಯು ಲೈನ್‌ಬ್ಯಾಕರ್ ಟ್ಯಾಂಕ್ ಕಾರ್ಡರ್ ಕೈಚಾಚಿ ಬಡಿದು ಕೆಡವಿ 21-19ರ ಗೆಲುವನ್ನು ಉಳಿಸಿದ್ದನ್ನು ಈ ಭಾಗದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಇಬ್ಬರೇ ಲೈನ್‌ಬ್ಯಾಕರ್‌ಗಳಿರುವ ಈ ವ್ಯೂಹದಲ್ಲಿ ಸ್ಯಾಮ್‌ಗೆ ಜಾಗವಿಲ್ಲ. ನಮ್ಮ ಎತ್ತರದ ಹುಡುಗ 20 ಪೌಂಡ್ ಮೈಗೂಡಿಸಿಕೊಂಡು, ಕೈ ನೆಲಕ್ಕೂರಿ ಎಂಡ್ ಆದ.

ಇಲ್ಲಿ ತೊಂದರೆ ಕೊಟ್ಟದ್ದು ಆರ್‌ಪಿಒ (ರನ್-ಪಾಸ್ ಆಪ್ಷನ್, ಅಂದರೆ ಓಟವೋ ಎಸೆತವೋ ಎಂಬ ಆಯ್ಕೆ) ಎಂಬ ತಂತ್ರ. ಕ್ವಾರ್ಟರ್‌ಬ್ಯಾಕ್ ಒಬ್ಬ ಲೈನ್‌ಬ್ಯಾಕರ್‌ನನ್ನೇ ದಿಟ್ಟಿಸುತ್ತಿರುತ್ತಾನೆ. ಅವನು ಓಟ ತಡೆಯಲು ಮುಂದೆ ಬಂದರೆ ಅವನ ಬೆನ್ನ ಹಿಂದಕ್ಕೆ ಎಸೆಯುತ್ತಾನೆ, ನಿಂತರೆ ಚೆಂಡನ್ನು ಓಟಗಾರನಿಗೆ ಕೊಡುತ್ತಾನೆ. ಟೆಕ್ಸಸ್ ಶಾಲೆಗಳು ಕಾಲೇಜು ನಿಯಮಗಳ ಪ್ರಕಾರ ಆಡುವುದರಿಂದ ಎಸೆತವಿದ್ದರೂ ಗಾರ್ಡ್ ಮೂರು ಗಜದವರೆಗೆ ಮುಂದೆ ಬರಬಹುದು. ಅಂದರೆ ನಾನು ಇಷ್ಟು ವರ್ಷ ಯಾರನ್ನು ನೋಡಿ ಓದು ಎಂದು ಕಲಿಸಿದ್ದೆನೋ ಆ ಗಾರ್ಡ್‌ನ ನಡೆಯೇ ಈಗ ನಂಬಲರ್ಹವಾಗಿರಲಿಲ್ಲ. ಕೊನೆಗೆ ವಿಲ್‌ನನ್ನು ಇಕ್ಕಟ್ಟಿನಿಂದ ಬಿಡಿಸಿದೆವು: ಸಂದು ಮಾತ್ರ ಅವನದು, ಬೆನ್ನ ಹಿಂದಿನ ಎಸೆತ ಸೇಫ್ಟಿಯದು. ಯೋಚನೆಯ ಭಾರ ಇಳಿದ ಮೇಲೆ ಅವನ ಮೊದಲ ಹೆಜ್ಜೆ ಹಳೆಯ ವೇಗಕ್ಕೆ ಮರಳಿತು.

ಪೂರ್ಣ ಹೊಡೆತದ ಅಭ್ಯಾಸಕ್ಕೆ ವಾರಕ್ಕೆ 90 ನಿಮಿಷಗಳ ಮಿತಿ ಇರುವುದರಿಂದ ಓದುವ ಅಭ್ಯಾಸವನ್ನೆಲ್ಲ ನಾನು ಹೊಡೆತವಿಲ್ಲದೆ ಮಾಡಿಸುತ್ತೇನೆ. ಐದು ದೊಡ್ಡ ಕಸದ ಡ್ರಮ್‌ಗಳು ಆಕ್ರಮಣ ಸಾಲಾಗುತ್ತವೆ. ಇಬ್ಬರು ಹುಡುಗರು ಗಾರ್ಡ್‌ಗಳಾಗಿ ಎರಡು ಹೆಜ್ಜೆ ಇಡುತ್ತಾರೆ. ಲೈನ್‌ಬ್ಯಾಕರ್ ತನ್ನ ಸಂದಿನ ಹೆಸರನ್ನು ಕೂಗಿ ಆಮೇಲೆ ಹೊರಡಬೇಕು. ವಿಲ್ ತನ್ನ ಕೊನೆಯ ವರ್ಷದಲ್ಲಿ ಇದಕ್ಕೆ ತನ್ನದೇ ಒಂದು ರೂಢಿ ಸೇರಿಸಿದ: ಪ್ರತಿ ಆಟಕ್ಕೆ ಮೊದಲು ನಮ್ಮ ಟ್ಯಾಕಲ್ ಯಾವ ಬದಿಯ ಗಾರ್ಡ್‌ನ ಮೇಲಿದ್ದಾನೆ ಎಂದು ಬೆರಳು ತೋರಿಸುತ್ತಿದ್ದ. ಈಗ ಎಲ್ಲ ಲೈನ್‌ಬ್ಯಾಕರ್‌ಗಳೂ ಹಾಗೆ ಮಾಡುತ್ತಾರೆ.

ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದಾಗ ನಾನು ಮೊದಲ ಎರಡು ದಿನ ಪುಸ್ತಕ ಹಿಡಿದು ಲೈನ್‌ಮನ್‌ಗಳ ಕಡೆ ನಿಲ್ಲುತ್ತೇನೆ. ನನ್ನ ಹುಡುಗರಿಗೆ ಮೈಕ್, ವಿಲ್ ಎಂಬ ಹೆಸರು ಹಂಚುವುದು ಮೂರನೆಯ ದಿನ. ಈ ವರ್ಷ ನಮ್ಮ ಇಬ್ಬರು ಟ್ಯಾಕಲ್‌ಗಳೂ 230 ಪೌಂಡ್ ದಾಟಿಲ್ಲ, ಗಾರ್ಡ್‌ನನ್ನು ಬಹಳ ಹೊತ್ತು ಹಿಡಿದಿಡಲಾರರು. ಆದ್ದರಿಂದ ಲೈನ್‌ಬ್ಯಾಕರ್‌ಗಳನ್ನು ನಾಲ್ಕು ಗಜದಿಂದ ಐದು ಗಜಕ್ಕೆ ಹಿಂದೆ ಸರಿಸಿ ನಿಲ್ಲಿಸಿದ್ದೇನೆ.