ಲೀಶ್ಮೇನಿಯಾದಲ್ಲಿ ಜೀನ್ ವರ್ಧನೆಯನ್ನು ನಾನು ಪತ್ತೆಮಾಡಿದ ಬಗೆ

ಮೆಥೊಟ್ರೆಕ್ಸೇಟ್ ಔಷಧಕ್ಕೆ ಬಗ್ಗದ ಲೀಶ್ಮೇನಿಯಾ ಮೇಜರ್ ಎಂಬ ಏಕಕೋಶ ಪರಾವಲಂಬಿಯನ್ನು ಬೆಳೆಸುವ ಕೆಲಸವನ್ನು ನಾನು ಒಂದೇ ಕೋಶದಿಂದ ಹುಟ್ಟಿದ ಕ್ಲೋನಿನಿಂದ ಆರಂಭಿಸಿದೆ; ಮಿಶ್ರ ಸಮೂಹದಿಂದ ಹೊರಟರೆ, ಮೊದಲೇ ಇದ್ದ ನಿರೋಧಕ ಕೋಶಗಳು ಉಳಿದುಕೊಂಡವೋ ಅಥವಾ ಹೊಸದಾಗಿ ಜೀನ್ ವರ್ಧನೆಯಾಯಿತೋ (ಅಂದರೆ ಜೀನಿನ ಪ್ರತಿಗಳು ಹೆಚ್ಚಿದವೋ) ಎಂದು ಆಮೇಲೆ ಹೇಳಲಾಗದು. ಪ್ರೊಮ್ಯಾಸ್ಟಿಗೋಟ್‌ಗಳನ್ನು, ಅಂದರೆ ಪರಾವಲಂಬಿಯ ಬಾಲವುಳ್ಳ ಈಜುವ ರೂಪವನ್ನು, 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ, ಬೆಳವಣಿಗೆ ಹಿಂದಿನ ವೇಗಕ್ಕೆ ಮರಳಿದ ಮೇಲಷ್ಟೇ ಔಷಧದ ಪ್ರಮಾಣವನ್ನು ಏರಿಸುತ್ತಿದ್ದೆ. ಅದೇ ಕ್ಲೋನನ್ನು ಔಷಧವಿಲ್ಲದೆ ಅಷ್ಟೇ ಬಾರಿ ಹೊಸ ಮಾಧ್ಯಮಕ್ಕೆ ವರ್ಗಾಯಿಸುತ್ತ ಜೊತೆಯಲ್ಲೇ ನಡೆಸಿದೆ. ಇಂಥ ಹೋಲಿಕೆಯ ಕೃಷಿಯಿಲ್ಲದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಈ ಜೀವಿಯಲ್ಲಿ ಜೀನ್‌ಗಳು ಉದ್ದನೆಯ ಸಾಲುಗಳಾಗಿ ಒಟ್ಟಿಗೇ ಆರ್‌ಎನ್‌ಎ ಆಗಿ ನಕಲಾಗುತ್ತವೆ. ಒಂದೊಂದು ಜೀನನ್ನು ಪ್ರತ್ಯೇಕವಾಗಿ ಚುರುಕುಗೊಳಿಸುವ ವ್ಯವಸ್ಥೆ ಬಹುಮಟ್ಟಿಗೆ ಇಲ್ಲದ ಕಾರಣ, ಪ್ರೋಟೀನ್ ಹೆಚ್ಚು ಬೇಕಾದಾಗ ಜೀನಿನ ಪ್ರತಿಗಳನ್ನೇ ಹೆಚ್ಚಿಸಿಕೊಳ್ಳುವುದು ಅದಕ್ಕೆ ಒದಗಿದ ದಾರಿ. ಮೆಥೊಟ್ರೆಕ್ಸೇಟ್‌ನ ಗುರಿಯಾದ, ಫೋಲೇಟ್ ಎಂಬ ಬಿ ಜೀವಸತ್ವವನ್ನು ಅಪಕರ್ಷಿಸುವ (ಹೈಡ್ರೋಜನ್ ಸೇರಿಸುವ) ಡಿಎಚ್‌ಎಫ್‌ಆರ್-ಟಿಎಸ್ ಕಿಣ್ವದ ಜೀನ್ ಹೀಗೆ ವರ್ಧಿಸುವುದನ್ನು ಸಂಶೋಧಕರಾದ ಕಾಡರ್, ಬೆವರ್ಲಿ, ಶಿಮ್ಕೆ ಮತ್ತು ಸ್ಯಾಂಟಿ 1983ರಲ್ಲೇ ವರದಿ ಮಾಡಿದ್ದರು.

ನನಗೆ ಹೆಚ್ಚು ಶ್ರಮ ಬೇಡಿದ್ದು ಪ್ರತಿಗಳ ಎಣಿಕೆ. ಲೀಶ್ಮೇನಿಯಾ ಒಂದಿಡೀ ವರ್ಣತಂತುವನ್ನೇ ಹೆಚ್ಚಿಸಿಕೊಳ್ಳಬಲ್ಲದು. ಆದ್ದರಿಂದ ಬೇರೆ ವರ್ಣತಂತುವಿನ ಜೀನಿನೊಡನೆ ಮಾತ್ರವಲ್ಲದೆ, ಡಿಎಚ್‌ಎಫ್‌ಆರ್-ಟಿಎಸ್ ಇರುವ 6ನೆಯ ವರ್ಣತಂತುವಿನಲ್ಲೇ ದೂರದಲ್ಲಿರುವ ಇನ್ನೊಂದು ಜೀನಿನೊಡನೆಯೂ, ಡಿಎನ್‌ಎ ಪ್ರತಿಗಳನ್ನು ಅಳೆಯುವ ಕ್ಯೂಪಿಸಿಆರ್ ವಿಧಾನದಲ್ಲಿ ಹೋಲಿಸಿದೆ. 6ನೆಯ ವರ್ಣತಂತುವಿನ ಆ ಎರಡೂ ಜೀನ್‌ಗಳು ಸಮನಾಗಿ ಏರಿದ್ದರೆ ಅದು ಇಡೀ ವರ್ಣತಂತುವಿನ ಹೆಚ್ಚಳವೇ ಹೊರತು ಆ ಭಾಗದ್ದಷ್ಟೇ ವರ್ಧನೆಯಲ್ಲ. ವರ್ಧಿತ ಭಾಗ ವರ್ಣತಂತುವಿನಿಂದ ಹೊರಗೆ ವೃತ್ತಾಕಾರದ ಡಿಎನ್‌ಎಯಾಗಿ ಉಳಿದಿದೆಯೇ ಎಂದು ನೋಡಲು ವಿದ್ಯುತ್ ಕ್ಷೇತ್ರದ ದಿಕ್ಕನ್ನು ಆಗಾಗ ಬದಲಿಸುತ್ತ ಉದ್ದನೆಯ ಡಿಎನ್‌ಎ ಅಣುಗಳನ್ನು ಬೇರ್ಪಡಿಸುವ ಪಲ್ಸ್ಡ್ ಫೀಲ್ಡ್ ಜೆಲ್ಲನ್ನು ಬೇರೆಬೇರೆ ಪಲ್ಸ್ ಅವಧಿಗಳಲ್ಲಿ ಓಡಿಸಿದೆ: ವೃತ್ತಾಕಾರದ ಅಣುವಾದರೆ ಅದರ ಪಟ್ಟಿ ನೇರ ವರ್ಣತಂತುಗಳ ನಡುವಿನ ತನ್ನ ಸ್ಥಾನವನ್ನು ಬದಲಿಸುತ್ತದೆ.

ನಾನು ಬೆಳೆಸಿದ ಕೆಲವು ನಿರೋಧಕ ಕೋಶಸಾಲುಗಳಲ್ಲಿ ಡಿಎಚ್‌ಎಫ್‌ಆರ್-ಟಿಎಸ್ ಜೀನಿನ ಪ್ರತಿಗಳು ಹೆಚ್ಚಿರಲೇ ಇಲ್ಲ. ವರ್ಧಿಸಿದ್ದು 23ನೆಯ ವರ್ಣತಂತುವಿನ ಪಿಟಿಆರ್1 ಜೀನ್. ಅದರಿಂದಾಗುವ ಕಿಣ್ವವೂ ಫೋಲೇಟನ್ನು ಅಪಕರ್ಷಿಸುತ್ತದೆ, ಮೆಥೊಟ್ರೆಕ್ಸೇಟ್‌ಗೆ ಅಷ್ಟಾಗಿ ಮಣಿಯುವುದಿಲ್ಲ; ಹೀಗಾಗಿ ಔಷಧದ ನೇರ ಗುರಿಯೊಂದನ್ನೇ ಅಳೆಯುವವರಿಗೆ ಅದು ಕಾಣುವುದೇ ಇಲ್ಲ.

ಕೊನೆಗೆ ಔಷಧವನ್ನು ತೆಗೆದು ಬೆಳೆಸಿದೆ. ವೃತ್ತಾಕಾರದ ಪ್ರತಿಗಳು ಕ್ರಮೇಣ ಕಳೆದುಹೋದ ಸಾಲುಗಳಲ್ಲಿ ನಿರೋಧಕತೆಯೂ ಇಳಿಯಿತು. ಪ್ರತಿಗಳು ಹೋದರೂ ನಿರೋಧಕತೆ ಉಳಿದ ಸಾಲುಗಳಲ್ಲಿ ಮಾತ್ರ ಔಷಧ ಕೋಶದೊಳಗೆ ಸೇರುವ ಪ್ರಮಾಣವೇ ಕುಗ್ಗಿದೆಯೇ ಎಂದು ಬೇರೆಯಾಗಿ ಅಳೆಯಬೇಕಾಯಿತು. ಅದಕ್ಕೆ ಪ್ರತಿ ಹಂತದಲ್ಲೂ ದ್ರವ ಸಾರಜನಕದಲ್ಲಿ ಕೂಡಿಟ್ಟಿದ್ದ ಕೋಶಗಳು ನೆರವಾದವು.