ಗಿರಾಕಿ ಬೆನ್ನು ಬಿಟ್ಟು ಬೆಲ್ಲ ಮಾರಿದ್ದು

ಮದ್ದೂರಿನ ಹತ್ತಿರ ಆಲೆಮನೆ ಇಟ್ಟುಕೊಂಡಿರುವ ರೈತರೊಬ್ಬರಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಡುತ್ತೇನೆ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಶುರುವಿನಲ್ಲಿ ಎಲ್ಲರಂತೆ ರೀಮಾರ್ಕೆಟಿಂಗ್ ಹಾಕಿದ್ದೆ. ನಮ್ಮ ಸೈಟಿಗೆ ಒಂದು ಸಲ ಬಂದವರು ಆಮೇಲೆ ಎಲ್ಲಿ ಹೋದರೂ ಅದೇ ಅಚ್ಚುಬೆಲ್ಲದ ಚಿತ್ರ.

ಒಂದಿನ ಅಜ್ಜಿಯೊಬ್ಬರು ಫೋನ್ ಮಾಡಿದರು. "ಪಂಚಾಂಗ ತೆಗೆದ್ರೂ ನಿಮ್ ಬೆಲ್ಲ, ಮೊಮ್ಮಗನ ಪಾಠ ತೆಗೆದ್ರೂ ನಿಮ್ ಬೆಲ್ಲ. ನನ್ ಫೋನೊಳಗೆ ಬಂದು ಕೂತಿದ್ದೀಯೇನಪ್ಪ?"

ನಗು ಬಂತು, ಮುಜುಗರವೂ ಆಯ್ತು. ಹೀಗೆ ಬೆನ್ನು ಹತ್ತಲು ಬಳಸುವುದು ಥರ್ಡ್ ಪಾರ್ಟಿ ಕುಕೀ, ಅಂದರೆ ನೀವು ಯಾವ ಯಾವ ಸೈಟಿಗೆ ಹೋದಿರಿ ಅಂತ ಬೇರೆ ಕಂಪನಿಗೆ ತಿಳಿಸುವ ಪುಟ್ಟ ಗುರುತು. ಹಾಗೆ ನೋಡಿದರೆ ಆಪಲ್‌ನ ಬ್ರೌಸರ್ ಸಫಾರಿ 2020ರಲ್ಲೇ ಅವಕ್ಕೆ ಬಾಗಿಲು ಹಾಕಿತ್ತು. 2023ರಲ್ಲಿ ನಮ್ಮ ದೇಶದಲ್ಲೂ ಡೇಟಾ ರಕ್ಷಣೆಯ ಕಾಯ್ದೆ ಬಂತು. ತನ್ನ ಬ್ರೌಸರ್ ಕ್ರೋಮ್‌ನಿಂದ ಈ ಕುಕೀ ತೆಗೆಯುವ ಯೋಜನೆಯನ್ನು ಗೂಗಲ್ 2024ರಲ್ಲಿ ಕೈಬಿಟ್ಟಿತು, ಇನ್ನೇನು ಚಿಂತೆ ಅಂದರು ಗೆಳೆಯರು. ಆದರೆ ಅಜ್ಜಿಗೆ ಏನು ಹೇಳಲಿ?

ಹಾಗಾಗಿ ಕಾಂಟೆಕ್ಸ್ಚುವಲ್ ಜಾಹೀರಾತಿಗೆ ಬಂದೆ. ಓದುತ್ತಿರುವವರು ಯಾರು ಅಂತ ಇಲ್ಲಿ ಕೆದಕುವುದಿಲ್ಲ, ಪುಟದಲ್ಲಿ ಏನಿದೆ ಅಂತ ನೋಡಿ, ನಾವು ಕೊಟ್ಟ ಪದಗಳಿಗೆ ಹೊಂದುವ ಪುಟದಲ್ಲಿ ಜಾಹೀರಾತು ಕೂರಿಸುತ್ತಾರೆ. ಒಬ್ಬಟ್ಟು ಮಾಡುವುದು ಹೇಗೆ ಅಂತ ಓದುತ್ತಿರುವವರಿಗೆ ಬೆಲ್ಲ ಬೇಕೇ ಬೇಕು, ಅಲ್ವಾ? ಅವರ ವಯಸ್ಸು ಕಟ್ಟಿಕೊಂಡು ನನಗೇನು. ಒಂದು ಮಾತು: ಗೂಗಲ್ ಆಡ್ಸ್‌ನ ಡಿಸ್‌ಪ್ಲೇಯಲ್ಲಿ, ಅಂದರೆ ಬೇರೆಯವರ ಸೈಟುಗಳಲ್ಲಿ ಬರುವ ಚಿತ್ರದ ಜಾಹೀರಾತಿನಲ್ಲಿ, 'ಆಪ್ಟಿಮೈಸ್ಡ್ ಟಾರ್ಗೆಟಿಂಗ್' ಅನ್ನುವ ಸೆಟ್ಟಿಂಗ್ ಮೊದಲೇ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡದಿದ್ದರೆ ನೀವು ಕೊಟ್ಟ ಪದಗಳ ಆಚೆಗೂ ಜಾಹೀರಾತು ಹೋಗುತ್ತದೆ.

ನಾನು ಎಡವಿದ್ದು ಪದದಲ್ಲಿ. ಸುಮ್ನೆ 'ಬೆಲ್ಲ' ಅಂತ ಕೊಟ್ಟುಬಿಟ್ಟೆ. ಎರಡು ದಿನ ಬಿಟ್ಟು, ಜಾಹೀರಾತು ಎಲ್ಲೆಲ್ಲಿ ಬಂದಿದೆ ಅಂತ ಪಟ್ಟಿ ತೆಗೆದರೆ ರಾಜಕೀಯದ ಪುಟಗಳು! ಸರ್ಕಾರದ ಒಂದು ವರ್ಷದ ಬೇವು-ಬೆಲ್ಲ, ಮೈತ್ರಿಯ ಬೇವು-ಬೆಲ್ಲ. ಮೆಷೀನಿಗೆ ಯುಗಾದಿ ಗೊತ್ತಿಲ್ಲ. ಕೂತು ಪದ ತಿದ್ದಿದೆ. ಒಬ್ಬಟ್ಟು, ಹೂರಣ, ಎಳ್ಳು-ಬೆಲ್ಲ, ಕಜ್ಜಾಯ, ಗೊಜ್ಜು ಸೇರಿಸಿದೆ. ಬೇವು, ಸರ್ಕಾರ, ಚುನಾವಣೆ ಇರುವ ಪುಟ ಬೇಡ ಅಂದೆ. ಅರ್ಧ ಪಟ್ಟಿ ಅಮ್ಮನನ್ನು ಕೇಳಿಯೇ ಬರೆದದ್ದು.

ಪಟ್ಟಿಯಲ್ಲಿ ಇನ್ನೊಂದು ಪುಟವಿತ್ತು. ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬೆಲ್ಲದ ಬಣ್ಣ ತಿಳಿ ಮಾಡುತ್ತಾರೆ ಅನ್ನುವ ಲೇಖನ, ಅದರ ಕೆಳಗೇ ನಮ್ಮ ಜಾಹೀರಾತು. ನನಗೆ ಎದೆ ಧಸಕ್ಕೆಂದಿತು. ತೆಗೆದುಬಿಡ್ತೀನಿ ಅಂತ ರೈತರಿಗೆ ಫೋನ್ ಮಾಡಿದೆ.

"ಯಾಕ್ ತೆಗೀತೀಯಪ್ಪ? ನಮ್ದು ಕಪ್ಪಗದೆ ಕಣಪ್ಪ. ಅದ್ನೇ ಅಲ್ಲಿ ಬರಿ," ಅಂದರು.

ಅಂಥ ಪುಟಗಳಿಗೇ ಬೇರೆ ಜಾಹೀರಾತು ಮಾಡಿದೆ. ಹೊಳೆಯುವ ಚಿತ್ರದ ಬದಲು ಆಲೆಮನೆಯ ಕೊಪ್ಪರಿಗೆ ಪಕ್ಕ ಇಟ್ಟ ಕಪ್ಪು ಅಚ್ಚಿನ ಚಿತ್ರ ಹಾಕಿದೆ. ಕೆಳಗೆ ಒಂದೇ ಸಾಲು: 'ಹೈಡ್ರೋಸ್ ಹಾಕಿಲ್ಲ, ಅದಕ್ಕೇ ಈ ಬಣ್ಣ.' ಯಾವ ಪುಟದಿಂದ ಗಿರಾಕಿ ಬಂದರು ಅಂತ ತಿಳಿಯಲು ಒಂದೊಂದು ಬಗೆಯ ಪುಟಕ್ಕೆ ಒಂದೊಂದು ಕೂಪನ್ ಪದ ಇಟ್ಟೆ, ಅಷ್ಟೇ.

ಮೊದಲಿಗಿಂತ ಕ್ಲಿಕ್ ಕಮ್ಮಿ, ನಿಜ. ಆದರೆ ಈಗ ಫೋನ್ ಮಾಡುವವರು ಯಾರ ಫೋನಲ್ಲಿ ಯಾರು ಕೂತಿದ್ದಾರೆ ಅಂತ ಕೇಳುವುದಿಲ್ಲ. "ಆ ಕಪ್ಪು ಬೆಲ್ಲ ತಾನೇ? ಐದು ಕೆಜಿ ಕಳಿಸಿ," ಅನ್ನುತ್ತಾರೆ.